ಕೌಂಟ್ ನೋಡುತ್ತೇವೆ, ಸೋಂಕು ನೋಡುವುದಿಲ್ಲ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ. ಮಧ್ಯ ಕರ್ನಾಟಕದ ಊರೊಂದರ ಲ್ಯಾಬಿನಲ್ಲಿ ವೀರ್ಯ ಪರೀಕ್ಷೆ ಮಾಡುವ ಟೆಕ್ನಿಷಿಯನ್ ನಾನು. ಮಕ್ಕಳಾಗಲಿಲ್ಲವೆಂದು ಬರುವ ದಂಪತಿಗಳಲ್ಲಿ ಗಂಡಸಿನ ಪಾಲಿನ ಮೊದಲ ಪರೀಕ್ಷೆ, ಎಷ್ಟೋ ಸಲ ಕೊನೆಯ ಪರೀಕ್ಷೆಯೂ, ನನ್ನ ಮೇಜಿನ ಮೇಲೆಯೇ ಆಗುತ್ತದೆ. ಇದನ್ನು ಇಲಾಖೆಯ ಟಪಾಲಿಗೆ ಹಾಕದೆ ಎಲ್ಲರ ಕಣ್ಣಿಗೂ ಬೀಳುವಂತೆ ಬರೆಯುತ್ತಿದ್ದೇನೆ. ಯಾಕೆಂದರೆ ನಾನು ಕೇಳುತ್ತಿರುವುದರಲ್ಲಿ ಅರ್ಧ ಸರ್ಕಾರದ ಒಂದು ಆದೇಶದಿಂದ ಆಗಬಹುದು. ಉಳಿದರ್ಧ, ಜನ ಈ ವಿಷಯವನ್ನು ಬಾಯಿಬಿಟ್ಟು ಆಡಿದರೆ ಮಾತ್ರ ಆದೀತು.

ಕೋರಿಕೆ ಇಷ್ಟು. ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಗಂಡಸಿನ ವೀರ್ಯಾಣು ಎಣಿಸುವ ದಿನವೇ ಅವನ ಮೂತ್ರವನ್ನೂ ತೆಗೆದುಕೊಂಡು ಕ್ಲಮೈಡಿಯಾ ಮತ್ತು ಗೊನೊರಿಯಾ ಎಂಬ ಲೈಂಗಿಕ ಸೋಂಕುಗಳಿವೆಯೇ ಎಂದು ನೋಡುವ ಏರ್ಪಾಡಾಗಬೇಕು. ಹಾಗೆ ಸಿಗುವ ಫಲಿತಾಂಶ ಫೈಲಿನಲ್ಲಿ ಕೊಳೆಯದೆ ನಮ್ಮ ರಾಜ್ಯದ ಗಂಡಸರ ಬಗೆಗಿನ ಒಂದು ಸರಿಯಾದ ಸಂಶೋಧನೆಯಾಗಬೇಕು. ಇವತ್ತು ಎರಡೂ ಇಲ್ಲ.

ನಮ್ಮಲ್ಲಿಗೆ ಬರುವವರ ಕಥೆ ಹೆಚ್ಚುಕಡಿಮೆ ಒಂದೇ ಥರ. ಮದುವೆಯಾಗಿ ನಾಲ್ಕೈದು ವರ್ಷ. ಹೆಂಡತಿಗೆ ಆಗಲೇ ಹತ್ತಾರು ಸ್ಕ್ಯಾನ್, ಥೈರಾಯ್ಡ್, ಗರ್ಭನಾಳಕ್ಕೆ ಬಣ್ಣ ಬಿಟ್ಟು ತೆಗೆಸುವ ಎಕ್ಸ್‌ರೇ, ಕೆಲವರಿಗೆ ಲ್ಯಾಪ್ರೊಸ್ಕೋಪಿ ಕೂಡ ಮುಗಿದಿರುತ್ತದೆ. ಫೈಲು ದಪ್ಪಗಾದ ಮೇಲೆ ಯಾರೋ ಡಾಕ್ಟರು "ನಿಮ್ಮವರದ್ದೂ ಒಂದು ಟೆಸ್ಟ್ ಮಾಡಿಸಿಬಿಡಿ" ಅನ್ನುತ್ತಾರೆ. ಮಕ್ಕಳಾಗದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಪಾಲೂ ಇರುತ್ತದೆ ಎಂಬುದು ಓದಿದವರಿಗೆಲ್ಲ ಗೊತ್ತು. ಆದರೂ ಅವನು ಸರದಿಯಲ್ಲಿ ಕೊನೆಗೆ ನಿಲ್ಲುತ್ತಾನೆ. ನಿಂತ ಮೇಲೂ ಡಬ್ಬಿ ಹಿಡಿದು ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿಯದು. ಬಹುತೇಕ ಕಡೆ ಸ್ಯಾಂಪಲ್ ಕೊಡಲು ಪ್ರತ್ಯೇಕ ಕೋಣೆಯಿಲ್ಲ, ಇರುವುದು ಎಲ್ಲರೂ ಬಳಸುವ ಶೌಚಾಲಯ. ಹೊರಗೆ ಯಾರೋ ಬಾಗಿಲು ಬಡಿಯುತ್ತಿರುತ್ತಾರೆ. ಕೌಂಟರಿನಲ್ಲಿ ಹೆಂಗಸು ಕೂತಿದ್ದಾಳೆಂದು ಡಬ್ಬಿಯನ್ನು ಜೇಬಿಗೆ ತುರುಕಿಕೊಂಡು ವಾಪಸ್ ಹೋದವರೂ ಇದ್ದಾರೆ. ಮನೆಯಿಂದ ತರುವವರಿಗೆ ಮೈಗೆ ತಾಗಿಸಿಕೊಂಡು ಬೆಚ್ಚಗೆ ತನ್ನಿ, ಗಂಟೆಯೊಳಗೆ ಬನ್ನಿ ಎಂದು ಹೇಳಿರುತ್ತೇವೆ. ಹಳ್ಳಿಯ ಬಸ್ಸು ಹೇಳಿದ ಮಾತು ಕೇಳುವುದಿಲ್ಲ.

ಸ್ಯಾಂಪಲ್ ಬಂದ ಮೇಲೆ ಅದು ನೀರಾಗುವ ತನಕ ಕಾಯುತ್ತೇನೆ, ಸಾಮಾನ್ಯವಾಗಿ ಅರ್ಧ ಗಂಟೆ. ಆಮೇಲೆ ಒಂದು ಹನಿಯನ್ನು ಎಣಿಕೆಯ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಎಷ್ಟಿವೆ, ಎಷ್ಟು ಮುಂದಕ್ಕೆ ಓಡುತ್ತಿವೆ, ಎಷ್ಟು ಇದ್ದಲ್ಲೇ ಬಾಲ ಆಡಿಸುತ್ತಿವೆ, ಆಕಾರ ಹೇಗಿದೆ ಎಂದು ಗುರುತು ಹಾಕಿಕೊಳ್ಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ 2021ರ ಆರನೇ ಆವೃತ್ತಿಯ ಪ್ರಕಾರ ಕೆಳಗಿನ ಗಡಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು ಚಲನೆ ಶೇ. 42, ಸರಿಯಾದ ಆಕಾರ ಶೇ. 4. ಈ ಅಂಕಿಗಳನ್ನು ಗಂಡ ಹೆಂಡತಿ ಇಬ್ಬರೂ ಪರೀಕ್ಷೆಯ ಮಾರ್ಕ್ಸ್ ಕಾರ್ಡಿನಂತೆ ಓದುತ್ತಾರೆ. "ಕೌಂಟ್ ಎಷ್ಟು ಬಂತು ಮೇಡಂ?" ಎಂಬುದೊಂದೇ ಪ್ರಶ್ನೆ.

ವರದಿಯ ಕೆಳಭಾಗದಲ್ಲಿ ಇನ್ನೊಂದು ಸಾಲಿರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ. "ಪಸ್ ಸೆಲ್ಸ್: 8–10" ಎಂದೋ "12–15" ಎಂದೋ, ಅಂದರೆ ಕೀವಿನ ಕಣಗಳ ಲೆಕ್ಕ, ಬರೆದಿರುತ್ತದೆ. ನನ್ನ ಈ ಪತ್ರ ಹುಟ್ಟಿದ್ದು ಆ ಸಾಲಿನಿಂದ.

ಗಾಜಿನ ಮೇಲೆ ವೀರ್ಯಾಣುಗಳ ನಡುವೆ ದುಂಡಗಿನ ಕಣಗಳು ಕಾಣುತ್ತವೆ. ಅವುಗಳಲ್ಲಿ ಕೆಲವು ಬಿಳಿ ರಕ್ತಕಣಗಳು, ಅಂದರೆ ಒಳಗೆಲ್ಲೋ ಉರಿಯೂತವಿರುವ ಸೂಚನೆ. ಕೆಲವು ಇನ್ನೂ ಬಲಿಯದ, ಬಾಲ ಮೂಡದ ವೀರ್ಯಕೋಶಗಳು. ಅವಕ್ಕೂ ಸೋಂಕಿಗೂ ಸಂಬಂಧವಿಲ್ಲ. ಬಣ್ಣ ಹಾಕದ ಹಸಿ ಸ್ಯಾಂಪಲ್ಲಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬೇರೆಬೇರೆ ಮಾಡಿ ತೋರಿಸಲು ಪೆರಾಕ್ಸಿಡೇಸ್ ಎಂಬ ಸರಳ ಬಣ್ಣದ ಪರೀಕ್ಷೆಯಿದೆ. ಬಿಳಿ ರಕ್ತಕಣ ಮಿಲಿಲೀಟರಿಗೆ ಹತ್ತು ಲಕ್ಷ ದಾಟಿದರೆ ಗಮನಿಸಬೇಕು ಎಂದು ಕೈಪಿಡಿ ಹೇಳುತ್ತದೆ. ನಮ್ಮ ಬಹುಪಾಲು ಲ್ಯಾಬುಗಳಲ್ಲಿ ಆ ಬಣ್ಣವನ್ನು ಹಾಕುವುದಿಲ್ಲ. ದುಂಡಗಿದ್ದದ್ದೆಲ್ಲ ಪಸ್ ಸೆಲ್. ವರದಿ ನೋಡಿದ ವೈದ್ಯರು ಹತ್ತು ದಿನ ಆ್ಯಂಟಿಬಯಾಟಿಕ್ ಬರೆಯುತ್ತಾರೆ. ಸೋಂಕೇ ಇಲ್ಲದವನು ಔಷಧ ನುಂಗುತ್ತಾನೆ. ಸೋಂಕಿರುವವನಿಗೆ ಯಾವ ಸೋಂಕೆಂದು ತಿಳಿಯುವುದಿಲ್ಲ, ಹೆಂಡತಿಗೆ ಚಿಕಿತ್ಸೆಯಿಲ್ಲ, ಮತ್ತೆ ಅವಳಿಂದ ಅವನಿಗೆ, ಅವನಿಂದ ಅವಳಿಗೆ. ಸ್ವಲ್ಪ ಕಾಳಜಿಯಿರುವ ವೈದ್ಯರು ವೀರ್ಯದ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸುತ್ತಾರೆ, "ಬೆಳವಣಿಗೆ ಇಲ್ಲ" ಎಂದು ಬರುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಕ್ಲಮೈಡಿಯಾ ಜೀವಕೋಶದ ಒಳಗೆ ಹೊಕ್ಕು ಮಾತ್ರ ಬದುಕುವ ಬ್ಯಾಕ್ಟೀರಿಯಾ. ಸಾಮಾನ್ಯ ಕಲ್ಚರ್ ತಟ್ಟೆಯಲ್ಲಿ ಅದು ಬೆಳೆಯುವುದೇ ಇಲ್ಲ. ಅದನ್ನು ಹಿಡಿಯಲು ಅದರ ಡಿಎನ್ಎಯನ್ನೋ ಆರ್‌ಎನ್‌ಎಯನ್ನೋ ಹುಡುಕುವ ಪಿಸಿಆರ್ ಮಾದರಿಯ ಪರೀಕ್ಷೆಯೇ ಬೇಕು.

ಲೈಂಗಿಕ ಸೋಂಕು ಮತ್ತು ವೀರ್ಯ, ಈ ಎರಡರ ನಂಟು ಹೊಸದೇನಲ್ಲ. ವೀರ್ಯಾಣು ಮನುಷ್ಯನ ಕಣ್ಣಿಗೆ ಮೊದಲು ಬಿದ್ದದ್ದೇ ಲೈಂಗಿಕ ಸೋಂಕಿನ ರೋಗಿಯೊಬ್ಬನ ಸ್ಯಾಂಪಲ್ಲಿನಲ್ಲಿ. 1677ರಲ್ಲಿ ಲೈಡನ್ನಿನ ವೈದ್ಯಕೀಯ ವಿದ್ಯಾರ್ಥಿ ಯೋಹಾನ್ ಹಾಮ್, ಗೊನೊರಿಯಾ ಆಗಿದ್ದ ಒಬ್ಬನ ವೀರ್ಯವನ್ನು ಗಾಜಿನ ಶೀಶೆಯಲ್ಲಿ ತುಂಬಿಕೊಂಡು ಡೆಲ್ಫ್ಟ್ ಊರಿನ, ಸೂಕ್ಷ್ಮದರ್ಶಕಗಳಿಗೆ ಹೆಸರಾದ ಆಂಟೊನಿ ಫಾನ್ ಲೇವನ್‌ಹುಕ್ ಬಳಿಗೆ ಹೋದ. ಒಳಗೆ ಬಾಲವಿರುವ ಪುಟ್ಟ ಜೀವಿಗಳು ಓಡಾಡುತ್ತಿವೆ, ರೋಗದಿಂದ ಕೊಳೆತು ಹುಟ್ಟಿರಬೇಕು ಎಂಬುದು ಅವನ ಊಹೆ. ಲೇವನ್‌ಹುಕ್ ಆರೋಗ್ಯವಂತನ, ಅಂದರೆ ತನ್ನದೇ, ಸ್ಯಾಂಪಲ್ ನೋಡಿ ಇವು ರೋಗದ ಹುಳುಗಳಲ್ಲ, ಎಲ್ಲ ಗಂಡಸರಲ್ಲೂ ಇರುವಂಥವು ಎಂದು ಕಂಡುಕೊಂಡ. ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಆತ ಎಷ್ಟು ಹಿಂಜರಿದ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಇದನ್ನು ಪಾಪದ ದಾರಿಯಲ್ಲಿ ಪಡೆದದ್ದಲ್ಲ, ಹೆಂಡತಿಯೊಡನೆ ಕೂಡಿದ ಮೇಲೆ ಉಳಿದದ್ದು ಎಂದು ವಿವರಣೆ ಕೊಟ್ಟ. ವಿದ್ವಾಂಸರಿಗೆ ಅಸಹ್ಯವೆನಿಸಿದರೆ ಪ್ರಕಟಿಸಬೇಡಿ ಎಂದೂ ಕೇಳಿಕೊಂಡ. ಅದು 17ನೇ ಶತಮಾನ. ನಮ್ಮ ಕೌಂಟರಿನ ಎದುರು ನಿಲ್ಲುವವರ ಮುಖದಲ್ಲಿ ಇವತ್ತೂ ಅದೇ ಹಿಂಜರಿಕೆ. ರಾಯಲ್ ಸೊಸೈಟಿ ಮಾತ್ರ ಅದನ್ನು ಪ್ರಕಟಿಸಿತು.

ಅಲ್ಲಿಂದ ಇಲ್ಲಿಯವರೆಗಿನ ಸಂಶೋಧನೆ ಏನು ಹೇಳುತ್ತದೆ ಎಂಬುದನ್ನು ಬಣ್ಣ ಹಚ್ಚದೆ ಹೇಳುತ್ತೇನೆ. ಕೆಲವು ಸಂಗತಿಗಳಲ್ಲಿ ಅನುಮಾನವೇ ಇಲ್ಲ. ಗೊನೊರಿಯಾ ಮತ್ತು ಕ್ಲಮೈಡಿಯಾ ಮೂತ್ರನಾಳದಿಂದ ಮೇಲಕ್ಕೇರಿ ವೃಷಣದ ಹಿಂದಿರುವ ಎಪಿಡಿಡಿಮಿಸ್ ಎಂಬ ಸುರುಳಿ ನಳಿಕೆಯನ್ನು ಊದಿಸಬಲ್ಲವು. ವೀರ್ಯಾಣು ಬಲಿತು ಈಜು ಕಲಿಯುವ ಜಾಗ ಅದು. 35 ವರ್ಷದೊಳಗಿನ ಗಂಡಸರಿಗೆ ಬೀಜ ಊದಿ ನೋವು ಬಂದರೆ ವೈದ್ಯರು ಮೊದಲು ಸಂಶಯಿಸುವುದು ಈ ಎರಡು ಸೋಂಕುಗಳನ್ನೇ. ಎರಡೂ ಕಡೆಯ ನಳಿಕೆ ಗಾಯವಾಗಿ ಮುಚ್ಚಿಕೊಂಡರೆ, ವೃಷಣ ಎಷ್ಟೇ ತಯಾರಿಸಿದರೂ ವೀರ್ಯದಲ್ಲಿ ಒಂದೂ ಬರುವುದಿಲ್ಲ. ನಾವು ಅಜೂಸ್ಪರ್ಮಿಯಾ ಎಂದು ವರದಿ ಬರೆಯುತ್ತೇವೆ. ಉರಿಯೂತದ ಕಣಗಳು ಉಗುಳುವ ಆಮ್ಲಜನಕದ ಉರಿಬಾಣಗಳೂ ವೀರ್ಯಾಣುವಿಗೆ ಶತ್ರು. ಅದರ ಹೊರಪೊರೆಯಲ್ಲಿ ಬೇಗ ಕೆಡುವ ಕೊಬ್ಬು ಹೆಚ್ಚು, ಕೆಟ್ಟದ್ದನ್ನು ರಿಪೇರಿ ಮಾಡಿಕೊಳ್ಳುವ ಸಲಕರಣೆ ಅದರ ಬಳಿ ಇಲ್ಲವೇ ಇಲ್ಲ ಅನ್ನಬೇಕು. ಡಿಎನ್ಎ ತುಂಡಾದರೂ ಬಾಲ ಬಡಿದು ಓಡುತ್ತಲೇ ಇರುತ್ತದೆ. ನನ್ನ ಕಣ್ಣಿಗೆ ಅದು ಚೆನ್ನಾಗಿಯೇ ಕಾಣುತ್ತದೆ. ವರದಿಯಲ್ಲಿ "ನಾರ್ಮಲ್" ಎಂದೇ ಬರೆಯುತ್ತೇನೆ.

ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2000ದ ಆಸುಪಾಸಿನಲ್ಲಿ ವೀರ್ಯಾಣುಗಳನ್ನು ಕ್ಲಮೈಡಿಯಾ ಜೊತೆ ಪ್ರಯೋಗಾಲಯದಲ್ಲಿ ಇಟ್ಟು, ಅವು ಅವಧಿಗೆ ಮೊದಲೇ ಸಾಯುವುದನ್ನು ತೋರಿಸಿದರು. 2008ರಲ್ಲಿ ಸ್ಪೇನ್ ಮತ್ತು ಮೆಕ್ಸಿಕೊ ಸಂಶೋಧಕರು ಕ್ಲಮೈಡಿಯಾ ಹಾಗೂ ಮೈಕೊಪ್ಲಾಸ್ಮಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಎರಡೂ ಇದ್ದ ಗಂಡಸರಲ್ಲಿ ತುಂಡಾದ ಡಿಎನ್ಎ ಇರುವ ವೀರ್ಯಾಣುಗಳ ಪ್ರಮಾಣ ಆರೋಗ್ಯವಂತರಿಗಿಂತ ಮೂರು ಪಟ್ಟಿಗೂ ಹೆಚ್ಚೆಂದು ವರದಿ ಮಾಡಿದರು; ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಅದು ಇಳಿಯಿತು. 2019ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಮಕ್ಕಳಾಗದ ಗಂಡಸರಿಂದ ತೆಗೆದಿಟ್ಟಿದ್ದ ವೃಷಣದ 95 ತುಣುಕುಗಳನ್ನು ಪರೀಕ್ಷಿಸಿದಾಗ ಶೇ. 45ರಷ್ಟರಲ್ಲಿ ಕ್ಲಮೈಡಿಯಾ ಸಿಕ್ಕಿತು. ಹೊಸದಾಗಿ ತೆಗೆದ 18 ತುಣುಕುಗಳಲ್ಲಿ ಮೂರರಲ್ಲಿ ಇತ್ತು. ಆ ಮೂವರಿಗೂ ತಮಗೆ ಸೋಂಕು ತಗುಲಿದ್ದೇ ಗೊತ್ತಿರಲಿಲ್ಲ. ಸೋಂಕು ಮೂತ್ರನಾಳದಲ್ಲೇ ನಿಲ್ಲುತ್ತದೆ, ವೃಷಣದ ಒಳಕೋಣೆಗೆ ಹೋಗುವುದಿಲ್ಲ ಎಂದು ನಂಬಿದ್ದವರಿಗೆ ಇದು ಬೆಚ್ಚಿಬೀಳುವ ಸುದ್ದಿ. ಎಚ್‌ಪಿವಿ ಎಂಬ ಲೈಂಗಿಕವಾಗಿ ಹರಡುವ ವೈರಸ್ಸಿನ ಬಗ್ಗೆಯೂ ಇಟಲಿಯ ಪಾಡುವಾದವರು ವೀರ್ಯಾಣುವಿನ ಚಲನೆ ಕುಂದುವುದನ್ನು ಗುರುತಿಸಿದ್ದಾರೆ. 15 ವರ್ಷ ದಾಟಿದ ಗಂಡಸರಲ್ಲಿ ಜಗತ್ತಿನಾದ್ಯಂತ ಸುಮಾರು ಮೂವರಲ್ಲೊಬ್ಬರಿಗೆ ಜನನಾಂಗದ ಎಚ್‌ಪಿವಿ ಇದೆ ಎಂದು 2023ರ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ ಲೇಖನವೊಂದು ಲೆಕ್ಕ ಹಾಕಿದೆ.

ಇದರ ಎದುರು ಇನ್ನೊಂದು ಪಕ್ಕವೂ ಇದೆ. ಲಕ್ಷಣಗಳಿಲ್ಲದ ಸೋಂಕಿತರ ಕೌಂಟ್, ಚಲನೆ, ಆಕಾರ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ ಎಂದ ಅಧ್ಯಯನಗಳೂ ಸಾಕಷ್ಟಿವೆ. ಆಸ್ಟ್ರೇಲಿಯಾದ ಅಧ್ಯಯನ ಅಲ್ಲಿ ಸೋಂಕಿತ್ತು ಎಂದಷ್ಟೇ ತೋರಿಸಿತು. ಸೋಂಕಿನಿಂದಲೇ ಅವರಿಗೆ ಮಕ್ಕಳಾಗಲಿಲ್ಲ ಎಂದು ಸಾಧಿಸಲಿಲ್ಲ. ಯೂರಿಯಾಪ್ಲಾಸ್ಮಾದಂಥ ಬ್ಯಾಕ್ಟೀರಿಯಾಗಳು ಆರೋಗ್ಯವಂತರಲ್ಲೂ ಇರುತ್ತವೆ, ಅದಕ್ಕೆಲ್ಲ ಮದ್ದು ಕೊಡಬೇಕೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಹೆಂಗಸರ ವಿಷಯದಲ್ಲಿ ಚಿತ್ರ ಸ್ಪಷ್ಟವಿದೆ: ಚಿಕಿತ್ಸೆಯಾಗದ ಕ್ಲಮೈಡಿಯಾ ಗರ್ಭನಾಳವನ್ನು ಕೆಡಿಸಬಲ್ಲದು, ಮುಚ್ಚಿಸಬಲ್ಲದು. ಗಂಡಸರ ವಿಷಯದಲ್ಲಿ ಅಷ್ಟು ಸ್ಪಷ್ಟವಿಲ್ಲ. ಸ್ಪಷ್ಟವಿಲ್ಲದ್ದಕ್ಕೆ ದೊಡ್ಡ ಕಾರಣ, ಯಾರೂ ಗಂಡಸರನ್ನು ಸಾಕಷ್ಟು ಸಂಖ್ಯೆಯಲ್ಲಿ, ಸಾಕಷ್ಟು ಕಾಲ ನೋಡಿಲ್ಲ. ಹೆಂಗಸರ ಕಾಯಿಲೆ ಎಂದೇ ಪುಸ್ತಕದಲ್ಲಿ ಬರೆದಿದ್ದ ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್, ಅಂದರೆ ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪುವ ತೊಂದರೆ, ಅದರ ವಿಷಯದಲ್ಲಿ ಆದದ್ದನ್ನು ತಾವು ಗಮನಿಸಿರಬಹುದು. ಎಷ್ಟು ಸಲ ಔಷಧ ಕೊಟ್ಟರೂ ಮರುಕಳಿಸುತ್ತಿದ್ದ ಆ ತೊಂದರೆಗೆ ಆಸ್ಟ್ರೇಲಿಯಾದವರು ಗಂಡನಿಗೂ ಚಿಕಿತ್ಸೆ ಕೊಟ್ಟು ನೋಡಿದರು. 12 ವಾರದೊಳಗೆ ಮರುಕಳಿಸಿದ್ದು ಶೇ. 35 ಮಂದಿಗೆ, ಹೆಂಡತಿಗೆ ಮಾತ್ರ ಔಷಧ ಕೊಟ್ಟ ಗುಂಪಿನಲ್ಲಿ ಶೇ. 63. ಇದು ಪ್ರಕಟವಾದದ್ದು 2025ರಲ್ಲಿ. ಗಂಡಸನ್ನು ಕರೆದು ಕೂರಿಸಲು ವೈದ್ಯಲೋಕಕ್ಕೆ ಇಷ್ಟು ವರ್ಷ ಬೇಕಾಯಿತು.

ಈಗ ನಮ್ಮ ರಾಜ್ಯಕ್ಕೆ ಬರುತ್ತೇನೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್ಕುಗಳಿವೆ. ಅಲ್ಲಿನ ಕೌನ್ಸೆಲರುಗಳು ಬಹಳ ಒಳ್ಳೆಯ ಕೆಲಸ ಮಾಡುತ್ತಾರೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಎಚ್‌ಐವಿ ವಿಷಯದಲ್ಲಿ ಕರ್ನಾಟಕ ಕಲಿತ ಪಾಠ ಅವರ ಮಾತಿನಲ್ಲಿ ಕಾಣುತ್ತದೆ. ಆದರೆ ಅಲ್ಲಿ ನಡೆಯುವುದು ಲಕ್ಷಣ ನೋಡಿ ಕೊಡುವ ಚಿಕಿತ್ಸೆ. ಗಂಡಸಿಗೆ ಮೂತ್ರದ್ವಾರದಿಂದ ಕೀವು ಬರುತ್ತಿದೆ ಎಂದರೆ ಬೂದು ಬಣ್ಣದ ಕಿಟ್: ಅಜಿತ್ರೊಮೈಸಿನ್ ಒಂದು ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ. ಹುಣ್ಣಿಗೆ ಬೇರೆ ಬಣ್ಣ, ಹೊಟ್ಟೆನೋವಿಗೆ ಬೇರೆ ಬಣ್ಣ. ಲ್ಯಾಬೇ ಇಲ್ಲದ ಕಾಲದಲ್ಲಿ, ಬಂದವನು ಮತ್ತೆ ಬರುತ್ತಾನೋ ಇಲ್ಲವೋ ಎಂಬ ಸಂದರ್ಭದಲ್ಲಿ ರೂಪಿಸಿದ ಜಾಣ ಉಪಾಯ ಅದು. ಅದರಿಂದ ಎಷ್ಟೋ ಜನ ಗುಣವಾಗಿದ್ದಾರೆ. ತೊಂದರೆಯೇನೆಂದರೆ ಲಕ್ಷಣವಿಲ್ಲದವನಿಗೆ ಅಲ್ಲಿ ಜಾಗವಿಲ್ಲ. ಕ್ಲಮೈಡಿಯಾ ತಗುಲಿದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಯಾವ ಲಕ್ಷಣವೂ ಇರುವುದಿಲ್ಲ, ಹೆಂಗಸರಲ್ಲಿ ಇನ್ನೂ ಹೆಚ್ಚು. ಇನ್ನೊಂದು ಕಡೆ, "ಧಾತು ಹೋಗ್ತಿದೆ ಸಾರ್, ನಿಶ್ಶಕ್ತಿ" ಎಂದು ಹೆದರಿ ಬರುವ ಹುಡುಗನಿಗೆ ಸೋಂಕೇನೂ ಇರುವುದಿಲ್ಲ. ಅವನಿಗೆ ಬೇಕಾದದ್ದು ಹತ್ತು ನಿಮಿಷದ ಸಮಾಧಾನದ ಮಾತು. ಅವನೂ ಬೂದು ಕಿಟ್ ಹಿಡಿದು ಹೋಗುವುದುಂಟು. ಕ್ಲಮೈಡಿಯಾಗೆ ಒಂದೇ ಸಲದ ಅಜಿತ್ರೊಮೈಸಿನ್‌ಗಿಂತ ಏಳು ದಿನದ ಡಾಕ್ಸಿಸೈಕ್ಲಿನ್ ಮೇಲು ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಿಂದಲೇ ಹೇಳುತ್ತಿದೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ, ವ್ಯವಸ್ಥೆ ಇರುವಲ್ಲಿ ಕೀವಿನ ಪ್ರಕರಣಗಳಿಗೆ ಆಣ್ವಿಕ ಪರೀಕ್ಷೆ, ಅಂದರೆ ಪಿಸಿಆರ್ ಮಾದರಿಯ ಪರೀಕ್ಷೆ, ಮಾಡಿಯೇ ಔಷಧ ಕೊಡಿ ಎಂದಿತು.

ನಮ್ಮ ಬಳಿ ಆ ವ್ಯವಸ್ಥೆ ಇದೆಯೇ? ಇದೆ ಸ್ವಾಮಿ. ಅದನ್ನು ಈ ಕೆಲಸಕ್ಕೆ ಬಳಸುತ್ತಿಲ್ಲ ಅಷ್ಟೆ. ಕ್ಷಯಕ್ಕೆಂದು ಜಿಲ್ಲೆ ತಾಲ್ಲೂಕುಗಳಿಗೆ ಬಂದ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ಕ್ಲಮೈಡಿಯಾ-ಗೊನೊರಿಯಾ ಕಾರ್ಟ್ರಿಡ್ಜ್ ಕೂಡ ಇದೆ, ಒಂದೂವರೆ ಗಂಟೆಯಲ್ಲಿ ಉತ್ತರ ಬರುತ್ತದೆ. ಕೋವಿಡ್ ಹೊತ್ತಿನಲ್ಲಿ ಕೊಂಡ ಆರ್‌ಟಿ-ಪಿಸಿಆರ್ ಯಂತ್ರಗಳು ಎಷ್ಟೋ ಕಡೆ ಧೂಳು ಹಿಡಿಯುತ್ತಿವೆ, ಅವನ್ನು ಓಡಿಸಲು ಕಲಿತ ಹುಡುಗ ಹುಡುಗಿಯರು ಗುತ್ತಿಗೆ ಮುಗಿದು ಮನೆಗೆ ಹೋಗಿದ್ದಾರೆ. ಕ್ಷಯದ ಪತ್ತೆಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಪ್ಪಿದ ಟ್ರೂನ್ಯಾಟ್ ತಂತ್ರಜ್ಞಾನದ ಹಿಂದೆ ನಮ್ಮ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಇದೆ. ಇಂಥ ಪರೀಕ್ಷೆಯನ್ನು ಇಲ್ಲೇ ಅಗ್ಗವಾಗಿ ತಯಾರಿಸಿಕೊಳ್ಳುವ ಬುದ್ಧಿ ನಮ್ಮ ಊರಿನಲ್ಲೇ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಗಂಡಸರಿಗೆ ಇದರಲ್ಲಿ ನೋವೂ ಇಲ್ಲ. ಮೂತ್ರನಾಳಕ್ಕೆ ಕಡ್ಡಿ ಹಾಕುವ ಕಾಲ ಹೋಯಿತು. ಗಂಟೆಯಷ್ಟು ಹೊತ್ತು ಮೂತ್ರ ಮಾಡದೆ ಇದ್ದು, ಮೊದಲು ಬರುವ ಒಂದಿಷ್ಟನ್ನು ಡಬ್ಬಿಗೆ ಹಿಡಿದರೆ ಸಾಕು. ಮೂತ್ರದ ಕಲ್ಚರಿಗೆ ಕೊಡುವುದು ನಡುವಿನ ಮೂತ್ರ, ಇದು ಮೊದಲಿನ ಮೂತ್ರ; ಅಷ್ಟೇ ವ್ಯತ್ಯಾಸ. ವೀರ್ಯದ ಡಬ್ಬಿ ಕೊಡುವ ದಿನವೇ ಎರಡನೇ ಡಬ್ಬಿ ಕೊಟ್ಟರೆ ಯಾರಿಗೂ ಹೆಚ್ಚಿನ ಮುಜುಗರವಿಲ್ಲ.

ಬಸುರಿ ಹೆಂಗಸಿಗೆ ತಾಯಿ ಕಾರ್ಡ್ ಮಾಡಿಸುವಾಗ ಎಚ್‌ಐವಿ, ಸಿಫಿಲಿಸ್ ಎರಡನ್ನೂ ನೋಡುತ್ತೇವೆ. ಅವಳಲ್ಲಿ ಬಂದರೆ ಆಮೇಲೆ ಗಂಡನಿಗೆ ಕರೆ ಹೋಗುತ್ತದೆ. ಅವಳು ಬಸುರಿಯಾಗದೇ ಇದ್ದಾಗ, ಅಂದರೆ ಕರೆಯಬೇಕಾದ ಹೊತ್ತಿನಲ್ಲಿ, ಕರೆಯುವ ಪದ್ಧತಿಯೇ ಇಲ್ಲ. ದಾನಿಗಳ ವಿಷಯವೂ ಇದೇ ಧಾಟಿಯದ್ದು. 2021ರ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ನಿಯಮಗಳು ವೀರ್ಯ ದಾನಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಪರೀಕ್ಷೆ ಕೇಳುತ್ತವೆ. ಕ್ಲಮೈಡಿಯಾ, ಗೊನೊರಿಯಾ ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ ಇವೆರಡೂ ಕಡ್ಡಾಯ. ದಾನಿಯ ವೀರ್ಯವನ್ನು ದ್ರವ ಸಾರಜನಕದಲ್ಲಿ ಇಟ್ಟರೆ ರೋಗಾಣುಗಳೆಲ್ಲ ಸಾಯುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರಯೋಗಾಲಯಗಳು ಬ್ಯಾಕ್ಟೀರಿಯಾಗಳನ್ನು ವರ್ಷಗಟ್ಟಲೆ ಜೀವಂತ ಕಾಪಾಡುವುದು ಅದೇ ಚಳಿಯಲ್ಲಿ. ಇದು ಕೇಂದ್ರದ ಕಾಯ್ದೆ ಎಂಬುದು ಗೊತ್ತಿದೆ. ರಾಜ್ಯದಿಂದ ಒಂದು ಶಿಫಾರಸು ಹೋದರೆ ತಪ್ಪೇನಿಲ್ಲ.

ನನಗೆ ಅತಿ ಹೆಚ್ಚು ಬೇಕಾಗಿರುವುದು ಅಧ್ಯಯನ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಆಗುವ ಸಂಶೋಧನೆಯೆಂದರೆ ಬಹುಮಟ್ಟಿಗೆ ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧ: ಒಂದು ಆಸ್ಪತ್ರೆ, ನೂರು ರೋಗಿಗಳು, ಒಂದೂವರೆ ವರ್ಷ, ಆಮೇಲೆ ಬೈಂಡಿಂಗ್. ಈ ಪ್ರಶ್ನೆಗೆ ಅದು ಸಾಲದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಸರ್ಕಾರಿ ವೈದ್ಯಕೀಯ ಕಾಲೇಜುಗಳನ್ನು ಒಟ್ಟುಗೂಡಿಸಿ. ಬಂಜೆತನದ ಓಪಿಡಿಗೆ ಬರುವ ಗಂಡಸರು ಒಂದು ಗುಂಪು. ಅದೇ ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದ ಹೆಂಗಸರ ಗಂಡಂದಿರು ಇನ್ನೊಂದು ಗುಂಪು. ಎರಡನೇ ಗುಂಪಿಲ್ಲದೆ ಮೊದಲನೇ ಗುಂಪಿನ ಅಂಕಿಗೆ ಅರ್ಥವಿಲ್ಲ, ಇಲ್ಲಿಯವರೆಗಿನ ಎಷ್ಟೋ ಅಧ್ಯಯನಗಳು ಮುಗ್ಗರಿಸಿದ್ದು ಇಲ್ಲೇ. ಎರಡೂ ಗುಂಪಿನವರ ಮೂತ್ರಕ್ಕೆ ಆಣ್ವಿಕ ಪರೀಕ್ಷೆ, ವೀರ್ಯಕ್ಕೆ ಪೆರಾಕ್ಸಿಡೇಸ್ ಬಣ್ಣ, ಸಾಧ್ಯವಿದ್ದಲ್ಲಿ ಡಿಎನ್ಎ ತುಂಡಾಗಿರುವ ಪ್ರಮಾಣದ ಪರೀಕ್ಷೆ. ಸೋಂಕು ಸಿಕ್ಕ ದಂಪತಿಗಳಿಗೆ ಒಟ್ಟಿಗೆ ಚಿಕಿತ್ಸೆ. ಆಮೇಲೆ ಮೂರು ತಿಂಗಳು ಕಳೆದು ಮತ್ತೆ ಸ್ಯಾಂಪಲ್. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಬಲಿತು ಹೊರಬರಲು ಇನ್ನಷ್ಟು ದಿನ, ಅದಕ್ಕಿಂತ ಮೊದಲು ನೋಡಿ ಪ್ರಯೋಜನವಿಲ್ಲ. ಆಮೇಲೆ ವರ್ಷದ ತನಕ ಅವರನ್ನು ಬಿಡದೆ ಕೇಳಬೇಕು: ಬಸುರಾಯಿತೆ, ನಿಂತಿತೆ. ಕೌಂಟ್ ಏರಿದರೆ ಸಾಲದು, ದಂಪತಿಗಳಿಗೆ ಬೇಕಾದದ್ದು ಮಗು. ಮಣಿಪಾಲದಲ್ಲಿ ವೀರ್ಯಾಣುವಿನ ಡಿಎನ್ಎ ಬಗ್ಗೆ ಒಳ್ಳೆಯ ಕೆಲಸವಾಗಿದೆ, ಮುಂಬೈಯಲ್ಲಿ ಐಸಿಎಂಆರ್‌ನ ಸಂತಾನೋತ್ಪತ್ತಿ ಆರೋಗ್ಯ ಸಂಸ್ಥೆಯಿದೆ, ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿ ಗಂಡಸರ ಬಂಜೆತನದ ವಂಶವಾಹಿ ಕಾರಣಗಳನ್ನು ಹುಡುಕಿದೆ. ಜ್ಞಾನಕ್ಕೆ ಬರವಿಲ್ಲ. ಹೆಸರು ಗುಟ್ಟಾಗಿಡುವ ಭರವಸೆ, ಸ್ಯಾಂಪಲ್ ಕೊಡಲು ಚಿಲಕವಿರುವ ಕೋಣೆ, ಫೋನ್ ಮಾಡಿ ಮಾತಾಡಿಸಲು ಒಬ್ಬ ಕೌನ್ಸೆಲರ್, ಇವಕ್ಕೆ ದುಡ್ಡು ಬೇಕು.

ಈ ಅಧ್ಯಯನ ಮುಗಿದು "ಸೋಂಕಿಗೂ ವೀರ್ಯಕ್ಕೂ ಅಂಥ ಸಂಬಂಧವೇನಿಲ್ಲ" ಎಂದು ಬಂದರೆ? ಬರಲಿ. ಆಗ ಕಾರಣವಿಲ್ಲದೆ ಪಸ್ ಸೆಲ್ ಹೆಸರಿನಲ್ಲಿ ಬರೆಯುವ ಆ್ಯಂಟಿಬಯಾಟಿಕ್ ನಿಲ್ಲುತ್ತದೆ. ಗೊನೊರಿಯಾ ಒಂದೊಂದಾಗಿ ಔಷಧಗಳಿಗೆ ಬಗ್ಗದೆ ಬೆಳೆಯುತ್ತಿರುವ ಈ ಹೊತ್ತಿನಲ್ಲಿ ಅದೂ ಸಣ್ಣ ಲಾಭವಲ್ಲ. ಮತ್ತೆ, ವೀರ್ಯಕ್ಕೆ ಏನೂ ಆಗದಿದ್ದರೂ ಆ ಗಂಡಸಿನಲ್ಲಿ ಸಿಕ್ಕ ಕ್ಲಮೈಡಿಯಾ ಅವನ ಹೆಂಡತಿಯ ಗರ್ಭನಾಳಕ್ಕೆ ಹೋಗುವುದು ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2020ರಲ್ಲಿ ಜಗತ್ತಿನ 15ರಿಂದ 49 ವರ್ಷದವರಲ್ಲಿ ಕ್ಲಮೈಡಿಯಾದ ಹೊಸ ಪ್ರಕರಣಗಳೇ 12.9 ಕೋಟಿ, ಗೊನೊರಿಯಾ 8.2 ಕೋಟಿ. ಇದರಲ್ಲಿ ನಮ್ಮ ಪಾಲು ಎಷ್ಟೆಂದು ಹೇಳಬೇಕಾದರೆ ನಾವು ಪರೀಕ್ಷೆ ಮಾಡಬೇಕು.

ಪರೀಕ್ಷೆಯಲ್ಲಿ ಸೋಂಕು ಬಂದರೆ ಮನೆಯಲ್ಲಿ ಏನಾಗುತ್ತದೆ ಎಂಬ ಭಯ ನನಗೂ ಇದೆ. "ಯಾರಿಂದ ಬಂತು?" ಎಂಬ ಪ್ರಶ್ನೆ ಮೊದಲು ಹೆಂಡತಿಯ ಮೇಲೆ ಬೀಳುತ್ತದೆ, ಅವಳ ತಪ್ಪಿರಲಿ ಇಲ್ಲದಿರಲಿ. ಈ ಸೋಂಕು ತಿಂಗಳುಗಟ್ಟಲೆ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಸದ್ದಿಲ್ಲದೆ ಇರಬಲ್ಲದು, ಯಾವಾಗ ತಗುಲಿತು ಎಂದು ಪರೀಕ್ಷೆ ಹೇಳುವುದಿಲ್ಲ ಎಂಬುದನ್ನು ವರದಿ ಕೈಗಿಡುವ ಮೊದಲು ಇಬ್ಬರನ್ನೂ ಕೂರಿಸಿ ಹೇಳುವವರು ಬೇಕು. ಸುರಕ್ಷಾ ಕ್ಲಿನಿಕ್ಕಿನ ಕೌನ್ಸೆಲರುಗಳಿಗೆ ಈ ಮಾತು ಆಡುವ ಕಲೆ ಗೊತ್ತಿದೆ. ಆದರೆ ಅವರ ಕೋಣೆ ಒಂದು ಕಟ್ಟಡದಲ್ಲಿ, ಬಂಜೆತನದ ಓಪಿಡಿ ಇನ್ನೊಂದು ಕಟ್ಟಡದಲ್ಲಿ. ಚರ್ಮ ಮತ್ತು ಲೈಂಗಿಕ ರೋಗ ವಿಭಾಗದ ಬೋರ್ಡಿನ ಕೆಳಗೆ ನಿಲ್ಲಲು ಊರಿನ ಗಂಡಸು ಒಪ್ಪುವುದಿಲ್ಲ. ವಾರಕ್ಕೊಂದು ದಿನ ಕೌನ್ಸೆಲರನ್ನೇ ಸ್ತ್ರೀರೋಗ ವಿಭಾಗಕ್ಕೆ ಕಳಿಸಿದರೆ ಬೋರ್ಡಿನ ಸಮಸ್ಯೆ ಮುಗಿಯುತ್ತದೆ. ಇದಕ್ಕೆ ಬಜೆಟ್ ಬೇಡ, ಸುತ್ತೋಲೆ ಸಾಕು.

ನಾವು ಮಾತಾಡದೆ ಬಿಟ್ಟ ಜಾಗದಲ್ಲಿ ಯಾರು ಮಾತಾಡುತ್ತಿದ್ದಾರೆ ಎಂಬುದಕ್ಕೆ ಯಾವುದೇ ಬಸ್ ನಿಲ್ದಾಣದ ಶೌಚಾಲಯದ ಗೋಡೆ ನೋಡಿ. "ಗುಪ್ತರೋಗ, ವೀರ್ಯ ಹೀನತೆ, ಮಕ್ಕಳಾಗದವರು ಒಮ್ಮೆ ಭೇಟಿ ಕೊಡಿ" ಎಂಬ ಪೋಸ್ಟರ್, ಕೆಳಗೆ ಮೊಬೈಲ್ ನಂಬರ್. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯಲ್ಲಿ ಇಂಥ ಜಾಹೀರಾತಿಗೆ ಶಿಕ್ಷೆಯಿದೆ. ಏಳು ದಶಕ ಕಳೆದರೂ ಪೋಸ್ಟರ್ ಕಾಯ್ದೆಗಿಂತ ಗಟ್ಟಿಯಾಗಿ ಅಂಟಿಕೊಂಡಿದೆ. ಅದನ್ನು ಅಂಟಿಸಿದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿದೆ: ಲೈಂಗಿಕ ಸೋಂಕು ಮತ್ತು ಮಕ್ಕಳಾಗದಿರುವುದು, ಎರಡೂ ಒಬ್ಬನೇ ಗಂಡಸಿನ ಚಿಂತೆ. ನಮ್ಮ ಇಲಾಖೆ ಮಾತ್ರ ಅವನ್ನು ಎರಡು ಫೈಲಿನಲ್ಲಿ, ಎರಡು ಕಟ್ಟಡದಲ್ಲಿ ಇಟ್ಟಿದೆ.

ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಆರು ತಿಂಗಳು ಪ್ರಾಯೋಗಿಕವಾಗಿ ಶುರು ಮಾಡಿ ನೋಡಿ ಎಂದು ಕೇಳುತ್ತೇನೆ. ಎರಡನೇ ಡಬ್ಬಿ, ಒಂದು ಕಾರ್ಟ್ರಿಡ್ಜ್, ಪೆರಾಕ್ಸಿಡೇಸ್ ಬಣ್ಣದ ಒಂದು ಬಾಟಲಿ, ಒಂದು ಕೋಣೆ. ಪೆರಾಕ್ಸಿಡೇಸ್ ಬಣ್ಣ ಹಾಕುವುದನ್ನು ಬೇರೆ ಟೆಕ್ನಿಷಿಯನ್ನರಿಗೆ ಕಲಿಸಲು ಜನ ಬೇಕಿದ್ದರೆ ನಾನೂ, ನನ್ನಂಥ ಇನ್ನೂ ಕೆಲವರೂ ಭಾನುವಾರ ಬಂದು ಕಲಿಸುತ್ತೇವೆ, ಬಸ್ ಚಾರ್ಜನ್ನೂ ಕೇಳುವುದಿಲ್ಲ. ತಮ್ಮ ಉತ್ತರ ಹೌದೆಂದಾದರೂ ಇಲ್ಲವೆಂದಾದರೂ ಅದನ್ನು ಬಹಿರಂಗವಾಗಿಯೇ ಕೊಡಬೇಕೆಂದು ವಿನಂತಿ. ಇಲ್ಲವೆಂದಾದರೆ ಕಾರಣ ಸಹಿತ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್